ಯವನರ ಆಟ

ಚಳ್ಳಕೆರೆ
೨೪ನೇ ಜನವರಿ ೧೯೦೯

ತೀರ್ಥರೂಪ ಅಪ್ಪನವರ ಪಾದಗಳಿಗೆ,

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ವಿಚಾರಿಸುವುದಕ್ಕಲ್ಲ. ಅದು ಖಾಜಾ ಹುಸೇನ್ ಸಾಹೇಬರ ಬಾಯಿಂದ ತಿಳಿಯುತ್ತಲೇ ಇರುತ್ತದೆ. ಅವರು ಸೀರೆಗಂಟು ಹೊತ್ತು ಇಲ್ಲಿನ ಸಂತೆಗೆ ಬಂದಾಗಲೆಲ್ಲ ನಮ್ಮ ಸ್ಕೂಲಿನ ಜಗಲಿಯ ಮೇಲೆ ಕೂತು, ಮೊಳಕಾಲ್ಮೂರಿನಲ್ಲಿ ಯಾರ ಮನೆಯ ಎಮ್ಮೆ ಕರು ಹಾಕಿತು ಎಂಬುದರ ತನಕ ಒಪ್ಪಿಸಿ ಹೋಗುತ್ತಾರೆ. ಕಳೆದ ಸಲ ಹೇಳಿದರು: "ನಿಮ್ಮಪ್ಪ ಈ ವರ್ಷ ಹೊಸ ಬಯಲಾಟ ಕಟ್ಬೇಕು ಅಂತವ್ರೆ ಮೇಷ್ಟ್ರೇ. ಹಳೇವೆಲ್ಲ ಜನಕ್ಕೆ ಬಾಯಿಪಾಠ ಆಗೈತೆ. ಪಾತ್ರದೋನು ಮರೆತ್ರೆ ನೋಡೋರೇ ಎತ್ಕೊಡ್ತಾರೆ." ಆ ಮಾತಿಗಾಗಿ ಈ ಕಾಗದ.

ನಮ್ಮ ಹೆಡ್ ಮಾಸ್ಟರರು ಒಂದು ಪುಸ್ತಕ ಕೊಟ್ಟಿದ್ದಾರೆ. ಯವನ ದೇಶದ ಒಬ್ಬ ಕವಿಯ ನಾಟಕಗಳು, ಇಂಗ್ಲಿಷಿಗೆ ತಿರುಗಿಸಿದ್ದು. ಎರಡು ಸಾವಿರ ವರ್ಷಕ್ಕೂ ಹಿಂದಿನವನು. ಹೆಸರು ನಮ್ಮ ನಾಲಿಗೆಗೆ ಹತ್ತುವಂಥದ್ದಲ್ಲ, ಬಿಡಿ. ತೊಂಬತ್ತರಷ್ಟು ನಾಟಕ ಬರೆದನಂತೆ, ಉಳಿದಿರುವುದು ಇಪ್ಪತ್ತೂ ಇಲ್ಲ. ಅವರ ಆಟವೂ ನಮ್ಮದರಂತೆಯೇ ಬಯಲಿನಲ್ಲಿ ನಡೆಯುತ್ತಿತ್ತು. ಜನ ಗುಡ್ಡದ ಇಳಿಜಾರಿನಲ್ಲಿ ಕೂತು ನೋಡುತ್ತಿದ್ದರು, ಹೆಣ್ಣುವೇಷವನ್ನು ಗಂಡಸರೇ ಹಾಕುತ್ತಿದ್ದರು, ಒಂದು ಮೇಳ ನಿಂತು ಹಾಡುತ್ತಿತ್ತು. ಆಡುತ್ತಿದ್ದದ್ದು ಮಾತ್ರ ಹಗಲಿನಲ್ಲಿ. ಈ ಕವಿ ಯುದ್ಧದ ಕಥೆ ಹೇಳಿದರೆ ಗೆದ್ದವರನ್ನು ಬಿಟ್ಟು ಸೋತ ಊರಿನ ಹೆಂಗಸರ ಕಡೆಗೆ ತಿರುಗುತ್ತಾನೆ. ಗಂಡ ಕೈಬಿಟ್ಟನೆಂದು ಹೆತ್ತ ಮಕ್ಕಳನ್ನೇ ಕೊಂದ ತಾಯಿಯ ಕಥೆಯೂ ಇದೆ. ಅದು ನಿಮಗೆ ಆಗದು. ನಿಮ್ಮ ಮೇಳಕ್ಕೆ ಹೊಂದುವುದು ಒಂದೇ.

ಒಬ್ಬ ರಾಜನಿಗೆ ಚಿಕ್ಕ ವಯಸ್ಸಿನಲ್ಲೇ ಸಾವು ಬಂದಿದೆ. ಅವನ ಬದಲಿಗೆ ಬೇರೆ ಯಾರಾದರೂ ಸತ್ತರೆ ಅವನು ಉಳಿಯಬಹುದು, ಇದು ದೇವರು ಕೊಡಿಸಿದ ವರ. ರಾಜ ಮುದಿ ತಂದೆಯನ್ನು ಕೇಳುತ್ತಾನೆ, ತಂದೆ ಆಗುವುದಿಲ್ಲ ಎನ್ನುತ್ತಾನೆ. ತಾಯಿಯೂ ಒಪ್ಪುವುದಿಲ್ಲ. ಹೆಂಡತಿ ಒಪ್ಪಿ ಸಾಯುತ್ತಾಳೆ. ಅದೇ ದಿನ ಒಬ್ಬ ಅತಿಥಿ ಬರುತ್ತಾನೆ, ಮಹಾ ಬಲಶಾಲಿ. ಅವನು ತಿರುಗಿ ಹೋದಾನೆಂದು ರಾಜ ಹೆಂಡತಿಯ ಸಾವನ್ನು ಮುಚ್ಚಿಡುತ್ತಾನೆ. ಮುದಿ ತಂದೆ ಹೆಣ ನೋಡಲು ಬಂದಾಗ ಮಗ ಅವನನ್ನು ಎಲ್ಲರೆದುರು ಬೈದು ಅಟ್ಟುತ್ತಾನೆ. ಕೊನೆಗೆ ಅತಿಥಿ ನಿಜ ತಿಳಿದು, ಗೋರಿಯ ಹತ್ತಿರ ಯಮನೊಡನೆ ಕುಸ್ತಿ ಮಾಡಿ, ರಾಣಿಯನ್ನು ಬಿಡಿಸಿ ಮುಸುಕು ಹಾಕಿ ಕರೆತರುತ್ತಾನೆ. ಅವಳು ಯಾರೆಂದು ತಿಳಿಯದೆಯೇ ರಾಜ ಅವಳ ಕೈ ಹಿಡಿಯಬೇಕು. ಹಿಡಿಯುತ್ತಾನೆ. ಅವಳು ಮಾತಾಡುವುದಿಲ್ಲ.

ಕನ್ನಡದಲ್ಲಿ ಬರೆದು ಇದರ ಜೊತೆ ಕಳಿಸಿದ್ದೇನೆ. ಹಾಡು ಕಟ್ಟುವುದು ನಿಮ್ಮ ಕೆಲಸ. ಏನನ್ನೂ ಬಿಡಬೇಡಿ. ಆಟ ನೋಡಲು ನಾನು ಬರುವುದಿಲ್ಲ. ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಆಗ ಹೇಳಿದ್ದು ನನಗೆ ನೆನಪಿದೆ.

ಇಂತು,
ಮಾರಣ್ಣ


ಮೊಳಕಾಲ್ಮೂರು
ಕೀಲಕ ಸಂವತ್ಸರ, ಮಾಘ ಶುದ್ಧ ಏಕಾದಶಿ

ಮಗ ಮಾರಣ್ಣನಿಗೆ, ಅಪ್ಪ ದೊಡ್ಡೀರಪ್ಪ ಹರಸಿ ಬರೆಯುವುದು.

ಟಪಾಲಿನವನು ಕೂಗಿದಾಗ ನಿನ್ನ ಸೋದರತ್ತೆ ಚಿಕ್ಕಕ್ಕ ರಾಗಿ ಬೀಸುತ್ತಿದ್ದವಳು ಕಲ್ಲು ಬಿಟ್ಟು ಓಡಿದಳು. "ಅಣ್ಣ, ಮಾರನ ಅಕ್ಷರ ಐತೆ ಇದ್ರಾಗೆ," ಎಂದು ತಂದು ಕೊಟ್ಟಳು. ಓದು ಬರದವಳಿಗೆ ನಿನ್ನ ಅಕ್ಷರದ ಗುರುತು ಹೇಗೆ ಸಿಕ್ಕಿತೋ ಕಾಣೆ. ಮೂರು ಸಲ ಓದಿಸಿಕೊಂಡಳು. ಯಮನ ಜೊತೆ ಕುಸ್ತಿ ಬಂದಾಗಲೆಲ್ಲ ಸೆರಗು ಬಿಗಿದುಕೊಳ್ಳುತ್ತಾಳೆ.

ನಿನ್ನಿಂದ ಒಂದು ಫಜೀತಿಯಾಯಿತು. ಯವನರ ಕವಿ ಎಂದು ಬರೆದಿದ್ದೀಯಲ್ಲ, ಯವನರೆಂದರೆ ಮುಸಲ್ಮಾನರು ತಾನೇ ಎಂದುಕೊಂಡು ಖಾಜಾನನ್ನು ಕರೆಸಿ, ನಿಮ್ಮವರಲ್ಲಿ ಇಂಥವನು ಯಾರಪ್ಪ ಎಂದು ಕೇಳಿದೆ. ಅವನು ಗಡ್ಡ ನೀವಿಕೊಂಡು, "ಬಹುತ್ ಬಡೇ ಶಾಯರ್ ಮೇಷ್ಟ್ರೇ, ಬಾಳ ದೊಡ್ಡ ಕವಿ. ನಮ್ ದಾದಾ ಹೇಳ್ತಿದ್ರು," ಎಂದ. ಅವತ್ತಿನಿಂದ ಪೇಟೆಯಲ್ಲೆಲ್ಲ, ಈ ಸಲ ಆಟ ನಮ್ಮವರದು ಎಂದು ಸಾರುತ್ತಿದ್ದಾನೆ. ಅತಿಥಿಯ ಪಾತ್ರ ತನಗೇ ಬೇಕಂತೆ. ಕೊಟ್ಟೆ. ಸಾವಿನ ಮನೆಯೆಂದು ತಿಳಿಯದೆ ಉಂಡು ತೇಗಿ ಹಾಡುವ ಪಾತ್ರಕ್ಕೆ ಅವನ ಹೊಟ್ಟೆಗಿಂತ ಒಳ್ಳೆಯ ಹೊಟ್ಟೆ ಈ ತಾಲ್ಲೂಕಿನಲ್ಲಿಲ್ಲ.

ಕಥೆ ಚೆನ್ನಾಗಿದೆ. ಎರಡು ಕಡೆ ಮಾತ್ರ ನನಗೆ ಒಗ್ಗಲಿಲ್ಲ. ಯಮನ ಕೈಯಿಂದ ಬಿಡಿಸಿಕೊಂಡು ಬಂದವಳು ಬಾಯಿಯೇ ಬಿಡುವುದಿಲ್ಲವೆಂದರೆ ಹೇಗೆ? ನಮ್ಮಲ್ಲಿ ರಂಗಕ್ಕೆ ಬಂದ ಪಾತ್ರ ಒಂದು ಹಾಡಾದರೂ ಹೇಳದೆ ಹೋದರೆ ಪಾತ್ರಧಾರಿಯ ಮನೆಯವರು ನನ್ನ ಮೇಲೆ ಜಗಳಕ್ಕೆ ಬರುತ್ತಾರೆ. ಒಂದು ಹಾಡು ಕಟ್ಟಿ ಹಾಕುತ್ತೇನೆ. ಇನ್ನೊಂದು, ಹೆಣದ ಮುಂದೆ ಮಗ ಅಪ್ಪನನ್ನು ಬೈಯುವುದು. ಅದನ್ನು ತೆಗೆದುಬಿಡುತ್ತೇನೆ.

ಈ ಕಥೆಯನ್ನೇ ಯಾಕೆ ಆರಿಸಿದೆ ಎಂದು ಕೇಳುವುದಿಲ್ಲ. ಪ್ಲೇಗಿನ ವರ್ಷ ನಿನ್ನ ಹಾಸಿಗೆಯ ಪಕ್ಕ ಕೂತು ನಿನ್ನನ್ನು ಉಳಿಸಿ ತಾನು ಹೋದವಳು ನನಗೂ ಸೊಸೆ. ಇಷ್ಟು ಹಾಳೆ ಬರೆದಿದ್ದೀಯ, ನಿಂಗಕ್ಕನ ಹೆಸರು ಒಂದು ಕಡೆಯೂ ಇಲ್ಲ.

ಆಟ ಯುಗಾದಿ ಕಳೆದ ಮೇಲೆ. ನೀನು ಬರಬೇಕು ಎಂಬುದು ನನ್ನ ಆಸೆ. ವಯಸ್ಸಾಯಿತು, ಇನ್ನೊಂದು ಹೊಸ ಆಟ ಕಟ್ಟುತ್ತೇನೆಂಬ ನಂಬಿಕೆ ಇಲ್ಲ.

ನಿನ್ನ ಅಪ್ಪ,
ದೊಡ್ಡೀರಪ್ಪ


ಚಳ್ಳಕೆರೆ
೧೦ನೇ ಫೆಬ್ರವರಿ ೧೯೦೯

ಅಪ್ಪನವರಿಗೆ ನಮಸ್ಕಾರ.

ಯವನರೆಂದರೆ ಗ್ರೀಕರು. ಸಮುದ್ರದಾಚೆಯವರು. ಖಾಜಾ ಸಾಹೇಬರ ತಾತನಿಗೂ ಅವರಿಗೂ ಸಂಬಂಧವಿಲ್ಲ. ಆದರೆ ಇದನ್ನು ಈಗ ಅವರಿಗೆ ಹೇಳಬೇಡಿ. ಅಷ್ಟು ಹೆಮ್ಮೆಯಿಂದ ಪಾತ್ರ ಮಾಡುವವರು ಸಿಗುವುದು ಕಷ್ಟ.

ರಾಣಿಗೆ ಹಾಡು ಬೇಡ. ಸಾವಿನ ಮೈಲಿಗೆ ಕಳೆಯುವ ತನಕ ಅವಳು ಮಾತಾಡಕೂಡದು ಎಂದು ಕವಿ ಹೇಳಿದ್ದಾನೆ. ನಮ್ಮ ಸೂತಕದ ಹಾಗೆಯೇ ಎಂದುಕೊಳ್ಳಿ. ಅವಳು ಬಾಯಿ ಬಿಟ್ಟರೆ ರಾಜನಿಗೆ ಏನು ಹೇಳಿಯಾಳು ಎಂದು ನಾನು ಬಹಳ ಯೋಚಿಸಿದ್ದೇನೆ. ಸುಮ್ಮನಿರುವುದೇ ಒಳ್ಳೆಯದು.

ಮಗ ಬೈಯುವ ಭಾಗ ಇರಲೇಬೇಕು. ಅದಿಲ್ಲದಿದ್ದರೆ ಆಟವೇ ಬೇಡ. ಕವಿ ಮುದುಕನಿಗೂ ಬಾಯಿ ಕೊಟ್ಟಿದ್ದಾನೆ, ಅವನೂ ಮಗನಿಗೆ ಎದುರುತ್ತರ ಕೊಡುತ್ತಾನೆ. ನೀವೂ ಕೊಡಿ.

ನಿಂಗಕ್ಕನ ಹೆಸರು ಬರೆಯಲಿಲ್ಲ ಎಂದಿರಿ. ಏನು ಬರೆಯಲಿ? ಪ್ಲೇಗಿಗೆ ಹೆದರಿ ಊರು ಬಿಟ್ಟು, ದನ ಮೇಯುವ ದೊಡ್ಡಉಳ್ಳಾರ್ತಿ ಕಾವಲಿನ ಅಂಚಿನಲ್ಲಿ ಗುಡಿಸಲು ಹಾಕಿದ್ದೆವು. ನನಗೆ ಗಡ್ಡೆ ಎದ್ದಾಗ ಅಕ್ಕಪಕ್ಕದವರೂ ಗುಡಿಸಲು ಕಿತ್ತುಕೊಂಡು ದೂರ ಹೋದರು. ಜ್ವರದಲ್ಲೂ ನಿಮಗೆ ಹೇಳಿ ಕಳಿಸಿದ್ದೆ. ನೀವು ಬಂದು ಅವಳನ್ನಾದರೂ ಕರೆದುಕೊಂಡು ಹೋಗುತ್ತೀರಿ ಎಂದು ಬಾಗಿಲ ಕಡೆ ನೋಡುತ್ತಿದ್ದೆ. ಸುದ್ದಿ ಒಯ್ದವನು ನಿಮ್ಮನ್ನು ತಲುಪಿದ್ದ ಎಂದು ಆಮೇಲೆ ತಿಳಿಯಿತು.

ಇಂತು,
ಮಾರಣ್ಣ


ಮೊಳಕಾಲ್ಮೂರು
ಮಾಘ ಬಹುಳ ದ್ವಾದಶಿ

ಮಗನಿಗೆ ಆಶೀರ್ವಾದ.

ಉತ್ತರ ಕೊಡಿ ಎಂದೆ. ಕಟ್ಟಿದ್ದೇನೆ. ಮುದುಕನ ಪಾತ್ರ ನಾನೇ ಮಾಡುತ್ತೇನೆ, ಆಮೇಲೆ ವೇಷ ಕಳಚಿ ಹಾಡುವವರ ಜೊತೆ ನಿಲ್ಲುತ್ತೇನೆ. ಮುದುಕ ಹೀಗೆ ಹೇಳುತ್ತಾನೆ:

ಹುಟ್ಟಿಸಿದೆ, ಸಾಕಿದೆ, ಹೊಲಮನೆ ಬಿಟ್ಟುಕೊಟ್ಟೆ
ಜೀವ ಕೊಡುವೆನೆಂದು ನಾನ್ಯಾವಾಗ ಮಾತು ಕೊಟ್ಟೆ
ಹಲ್ಲು ಬಿದ್ದ ಬಾಯಿಗೂ ಅಂಬಲಿಯ ರುಚಿ ಉಂಟು
ಮಡದಿಯ ಮುಂದೆ ಕಳಿಸಿದವಗೆ ಬೈಯಲೇನುಂಟು

ನೀನು ಹೇಳಿ ಕಳಿಸಿದವನು ಬಂದಿದ್ದ. ಅಂಗಳದಲ್ಲಿ ನಿಲ್ಲಿಸಿಯೇ ಮಾತಾಡಿಸಿದೆ, ಒಳಗೆ ಕರೆಯಲಿಲ್ಲ. ನನಗೆ ಹೆದರಿಕೆಯಾಯಿತು, ಬರಲಿಲ್ಲ. ಬೇರೆ ನೆವ ಹೇಳುವುದಿಲ್ಲ. ನಿನ್ನಂತೆಯೇ ನನಗೂ ಬದುಕುವ ಆಸೆ ಇತ್ತು, ಈಗಲೂ ಇದೆ.

ಇನ್ನೊಂದು ಸಮಾಚಾರ. ಮೊನ್ನೆ ತಾಲೀಮು ಮುಗಿಸಿ ರುಮಾಲು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದೆ, ಬೇವಿನ ಮರದಿಂದ ಒಂದು ಕಾಗೆ ಬಂದು ತಲೆಗೆ ಬಡಿದು ಹೋಯಿತು. ಚಿಕ್ಕಕ್ಕ ಅವತ್ತು ಊಟ ಮಾಡಲಿಲ್ಲ. "ಕಾಗೆ ತಲೆ ಮುಟ್ಟಿದ್ರೆ ಸುಮ್ನೆ ಬಿಡಂಗಿಲ್ಲ ಅಣ್ಣ. ಸತ್ತೋದ ಅಂತ ನೆಂಟ್ರಿಗೆ ಸುಳ್ಳು ಕಾಗ್ದ ಹಾಕ್ಬೇಕು. ಅವ್ರು ನಿಜ ಅಂತ ಅತ್ರೆ ಕಂಟಕ ಹೋಗ್ತೈತೆ," ಎನ್ನುತ್ತಾಳೆ. ನಮ್ಮ ಕಡೆ ಎಲ್ಲರೂ ಮಾಡುವುದೇ, ನಿನಗೂ ಗೊತ್ತು. ಯಾರಿಗೆ ಹಾಕುತ್ತೀಯೆ ಎಂದು ಕೇಳಿದೆ. ನನಗಾಗಿ ಅಳುವವಳು ಅವಳೊಬ್ಬಳೇ, ಅವಳು ನನ್ನ ಕಣ್ಣೆದುರೇ ಇದ್ದಾಳೆ. ನಿನಗೆ ಹಾಕಕೂಡದು ಎಂದು ಖಂಡಿತವಾಗಿ ಹೇಳಿದ್ದೇನೆ. ನಿಜವಾದ ಕಾಗದ ಬಂದಾಗಲೇ ನೀನು ಅಳುತ್ತೀಯೋ ಇಲ್ಲವೋ, ಸುಳ್ಳು ಕಾಗದ ಕಳಿಸಿ ಏನು ಉಪಯೋಗ.

ನಿನ್ನ ಅಪ್ಪ,
ದೊಡ್ಡೀರಪ್ಪ


ಚಳ್ಳಕೆರೆ
೨೩ನೇ ಫೆಬ್ರವರಿ ೧೯೦೯

ಅಪ್ಪನವರಿಗೆ,

ಹಾಡು ಬಂತು. ಚೆನ್ನಾಗಿ ಕಟ್ಟಿದ್ದೀರಿ. ಕೊನೆಯ ಸಾಲು ತುಂಬ ಚೆನ್ನಾಗಿದೆ, ಯಾರಿಗೆ ತಗಲಬೇಕೋ ಅವರಿಗೆ ತಗಲಿದೆ.

ಅವಳನ್ನು ನಾನು ಕಳಿಸಲಿಲ್ಲ. ಹೋಗು ಎಂದು ಎಷ್ಟೋ ಸಲ ಹೇಳಿದೆ. ಹೋಗಲಿಲ್ಲ. ಆಮೇಲೆ ನನಗೆ ಮೈಮೇಲೆ ಎಚ್ಚರವಿರಲಿಲ್ಲ.

ಆಟ ಆಡುವುದು ಬೇಡ. ನನ್ನ ಹಾಳೆಗಳನ್ನು ಖಾಜಾ ಸಾಹೇಬರ ಕೈಯಲ್ಲಿ ಹಿಂದಕ್ಕೆ ಕಳಿಸಿ. ಇನ್ನು ಕಾಗದವೂ ಬೇಡ.

ಮಾರಣ್ಣ


ಶ್ರೀ

ಮೊಳಕಾಲ್ಮೂರು
೧೬ನೇ ಮಾರ್ಚಿ ೧೯೦೯

ಮೆಹರ್ಬಾನ್ ಮಾರಣ್ಣ ಮೇಷ್ಟ್ರವರ ಸಮ್ಮುಖಕ್ಕೆ ಸೀರೆ ವ್ಯಾಪಾರದ ಖಾಜಾ ಹುಸೇನ್ ಮಾಡುವ ಸಲಾಮು.

ಇತ್ತ ನಾವೆಲ್ಲರೂ ಕ್ಷೇಮ. ತಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರಬೇಕು. ತರುವಾಯ, ತಮ್ಮ ತಂದೆಯವರಾದ ದೊಡ್ಡೀರಪ್ಪ ಮೇಷ್ಟ್ರು ನಿನ್ನೆ ಬೆಳಿಗ್ಗೆ ತೀರಿಕೊಂಡರು. ಯಾವ ಸಂಕಟವೂ ಪಡಲಿಲ್ಲ. ಮಣ್ಣು ಮಾಡುವ ಕೆಲಸ ನಾವೇ ನೋಡಿಕೊಳ್ಳುತ್ತೇವೆ, ತಾವು ಬಿಸಿಲಲ್ಲಿ ಗಾಡಿ ಮಾಡಿಕೊಂಡು ಬರುವ ಅಗತ್ಯವಿಲ್ಲ. ಚಿಕ್ಕಕ್ಕನವರು ಬಹಳ ಅಳುತ್ತಿದ್ದಾರೆ. ತಾವೂ ಅಳಬೇಕಾಗಿ ಕೋರುತ್ತೇನೆ. ಅತ್ತ ಬಗ್ಗೆ ತಪ್ಪದೆ ತಿಳಿಸುವುದು.

ತಮ್ಮ ವಿಶ್ವಾಸಿ,
ಖಾಜಾ ಹುಸೇನ್


ಚಳ್ಳಕೆರೆ
೨೦ನೇ ಮಾರ್ಚಿ ೧೯೦೯

ಅಪ್ಪ,

ನೀನು ಬದುಕಿದ್ದೀಯ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನೀನು ತೀರಿಕೊಂಡೆ ಎಂದು ಖಾಜಾ ಸಾಹೇಬರ ಕಾಗದ ಬಂತು. ಸಾವಿನ ಕಾಗದದ ತಲೆಯ ಮೇಲೆ ಶ್ರೀ ಬರೆಯಬಾರದೆಂಬುದು ಅವರಿಗೆ ಗೊತ್ತಿಲ್ಲ. ಅದು ಹೋಗಲಿ, ಕಾಗದದ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದಾರೆ. ಅದು ಚಿಕ್ಕಕ್ಕತ್ತೆಯ ಕೈ. ಅಣ್ಣ ಸತ್ತ ಎಂದು ಬರೆಸಿದ ಮೇಲೆ ಕಾಗದವನ್ನು ಬರಿದಾಗಿ ಕಳಿಸಲು ಅವಳಿಗೆ ಜೀವ ತಡೆಯಲಿಲ್ಲ. ಓದುವ ಮೊದಲೇ ಅರಿಶಿನ ಕಂಡೆ. ನೀನು ಬರೆದ ಕಾಗೆ ನೆನಪಿಗೆ ಬಂತು. ನಗುತ್ತಲೇ ಓದಿದೆ.

ಓದುತ್ತಾ ಓದುತ್ತಾ, ತಾವೂ ಅಳಬೇಕಾಗಿ ಕೋರುತ್ತೇನೆ ಎಂಬಲ್ಲಿಗೆ ಬಂದೆ. ಅಲ್ಲಿ ನಗು ನಿಂತಿತು. ಕಾಗದ ಜೇಬಿಗೆ ಹಾಕಿಕೊಂಡು ಮಕ್ಕಳಿಗೆ ಲೆಕ್ಕ ಕೊಟ್ಟೆ. ಲೆಕ್ಕ ನೋಡಲು ಆಗಲಿಲ್ಲ, ಅವರನ್ನು ಮನೆಗೆ ಕಳಿಸಿದೆ. ಹಾಗೆಯೇ ಕಾವಲಿನ ಕಡೆ ನಡೆದೆ. ಗುಡಿಸಲುಗಳಿದ್ದ ಜಾಗದಲ್ಲಿ ಈಗ ಏನೂ ಇಲ್ಲ, ಒಣಹುಲ್ಲು, ಒಲೆ ಹೂಡಿದ್ದ ಒಂದೆರಡು ಕಲ್ಲು. ಅಲ್ಲಿ ಕೂತು ಅತ್ತೆ. ದನ ಕಾಯುವವರು ಹತ್ತಿರ ಬಂದು, "ಯಾರು ತೀರ್ಕಂಡ್ರು ಮೇಷ್ಟ್ರೇ?" ಎಂದರು. ನನ್ನ ಹೆಂಡ್ತಿ ಎಂದೆ. ಯಾವಾಗ ಎಂದು ಕೇಳಿದರೆ ಏನು ಹೇಳಬೇಕಿತ್ತೋ. ಅವರು ಕೇಳಲಿಲ್ಲ, ಸ್ವಲ್ಪ ಹೊತ್ತು ಜೊತೆಗೆ ಕೂತು ಹೋದರು.

ನನಗೆ ಆವತ್ತು ಎಚ್ಚರವಾಗುವ ಹೊತ್ತಿಗೆ ಅವಳನ್ನು ತೆಗೆದುಕೊಂಡು ಹೋಗಿ ಆಗಿತ್ತು. ದೂರ ಹೋಗಿದ್ದವರೆಲ್ಲ ಬಂದು ನನ್ನ ಜೀವ ಉಳಿಯಿತಲ್ಲ ಎಂದು ಸಂತೋಷಪಟ್ಟರು. ಗಂಜಿ ಕುಡಿಸಿದರು. ಪ್ಲೇಗಿನ ಡಾಕ್ಟರು ಬೆನ್ನು ತಟ್ಟಿದರು. ಅಳು ಎಂದು ಯಾರೂ ಹೇಳಲಿಲ್ಲ. ಅಷ್ಟು ಸಂತೋಷದ ನಡುವೆ ಹೇಗೆ ಅಳುವುದು ಎಂದು ತಿಳಿಯದೆ ಹಾಗೆಯೇ ಉಳಿದುಬಿಟ್ಟೆ. ಆಮೇಲೆ ನಿನ್ನ ಮೇಲೆ ಸಿಟ್ಟು ಬಂತು, ಅದು ಸುಲಭವಾಗಿತ್ತು.

ಆದ್ದರಿಂದ ಚಿಕ್ಕಕ್ಕತ್ತೆಗೆ ನಿಜ ಹೇಳು. ಅತ್ತಿದ್ದೇನೆ, ಆದರೆ ನಿನಗಾಗಿ ಅಲ್ಲ. ಕಾಗೆಯ ಕಂಟಕ ಇದರಿಂದ ಹೋಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬೇರೆ ಯಾರಿಗಾದರೂ ಕಾಗದ ಹಾಕಬೇಕಾದರೆ ಬೇಗ ಹಾಕಲಿ.

ಮಾರಣ್ಣ


ಮೊಳಕಾಲ್ಮೂರು
ಸೌಮ್ಯ ಸಂವತ್ಸರ, ಚೈತ್ರ ಶುದ್ಧ ಪಂಚಮಿ

ಮಗನೇ,

ನಾನು ಸತ್ತ ಸುದ್ದಿ ನನಗೆ ನಿನ್ನ ಕಾಗದದಿಂದಲೇ ತಿಳಿಯಿತು. ಇಬ್ಬರನ್ನೂ ಎದುರಿಗೆ ನಿಲ್ಲಿಸಿ ಕೇಳಿದೆ. ಖಾಜಾ, "ನಾನು ಬರ್ಕೊಟ್ಟೆ ಅಷ್ಟೇ ಮೇಷ್ಟ್ರೇ, ಸಾಯ್ಸಿದ್ದು ಅಕ್ಕ," ಎಂದ. ಚಿಕ್ಕಕ್ಕ ಸೆರಗು ಬಿಗಿದುಕೊಂಡಳು. ನಿನ್ನ ಕಾಗದ ಪೂರ್ತಿ ಓದಿ ಹೇಳಿದೆ. ಕೇಳಿ ಒಳಗೆ ಹೋದಳು. ನಾನೂ ಕಾಗದ ಮಡಿಸಿ ಹಿತ್ತಲಿಗೆ ಹೋದೆ. ನಿಂಗಕ್ಕನಿಗೆ ಈ ಮನೆಯಲ್ಲೂ ಯಾರೂ ಸರಿಯಾಗಿ ಅತ್ತಿರಲಿಲ್ಲ. ನೀನು ಹೊಸ್ತಿಲು ತುಳಿಯುವುದಿಲ್ಲ ಎಂದು ಹೊರಟುಹೋದೆ, ನಮಗೆ ಅದನ್ನೇ ಯೋಚಿಸುವುದೊಂದು ಕೆಲಸವಾಯಿತು.

ಈಗ ಚಿಕ್ಕಕ್ಕನಿಗೆ ಚಿಂತೆ. ಕಣ್ಣೀರು ಸೊಸೆಯ ಪಾಲಾಯಿತು, ಅಣ್ಣನ ಗತಿ ಏನು ಎಂದು. ನಾನು ಹೇಳಿದೆ: ನನ್ನ ಹೆಸರಿನ ಕಾಗದಕ್ಕೆ ಬಂದ ಕಣ್ಣೀರು ಅವಳಿಗೆ ಸೇರಿದರೆ ಸರಿಯಾದ ಕಡೆಗೇ ಸೇರಿತು. ಸಾಲದಿದ್ದರೆ ಕಾಗೆಯೇ ಬಂದು ಕೇಳಲಿ.

ನಿನ್ನ ಹಾಳೆಗಳನ್ನು ಹಿಂದಕ್ಕೆ ಕಳಿಸಿಲ್ಲ. ತಾಲೀಮು ನಿಂತಿಲ್ಲ. ರಾಣಿಗೆ ಹಾಡಿಲ್ಲ, ನೀನು ಹೇಳಿದ ಹಾಗೆ ಸುಮ್ಮನೇ ಬಂದು ನಿಲ್ಲುತ್ತಾಳೆ. ನನ್ನ ಹಾಡಿನ ಕೊನೆಯ ಸಾಲು ಕಿತ್ತುಹಾಕಬೇಕೆಂದಿದ್ದೆ. ಆಮೇಲೆ ಬೇಡವೆನಿಸಿತು. ನೀನು ನನ್ನನ್ನು ಬೈಯುವುದೂ ಇರಲಿ, ನಾನು ನಿನ್ನನ್ನು ಬೈಯುವುದೂ ಇರಲಿ. ಆ ಯವನ ಕವಿ ಇಬ್ಬರಿಗೂ ಬಾಯಿ ಕೊಟ್ಟು ಬೈದಾಡಿಕೊಳ್ಳಿ ಎಂದಿದ್ದಾನೆ. ಅವನ ಮನೆಯಲ್ಲೂ ಇಂಥ ಒಬ್ಬ ಅಪ್ಪ, ಇಂಥ ಒಬ್ಬ ಮಗ ಇದ್ದಿರಬೇಕು.

ಆದರೆ ಒಂದು ತೊಡಕು ಬಂದಿದೆ. ನಾನು ಇವರಿಗೆಲ್ಲ ಗುರು. ಗೆಜ್ಜೆ ಕಟ್ಟುವ ಮೊದಲು ನನ್ನ ಕಾಲು ಮುಟ್ಟುವವರು ನನ್ನನ್ನು ಬೈಯುವುದು ಹೇಗೆ? ರಾಜನ ಪಾತ್ರಕ್ಕೆ ಗಾದ್ರಪ್ಪನನ್ನು ಹಾಕಿದ್ದೆ. ಎದೆ ಸೆಟೆಸಿಕೊಂಡು ಬಂದ, ನನ್ನ ಮುಖ ನೋಡಿದ, "ಛೀ ಮುದುಕಾ" ಎನ್ನಬೇಕಾದಲ್ಲಿ "ಛೀ ಗುರುಗಳೇ" ಎಂದ. ಆವತ್ತು ತಾಲೀಮು ಅಲ್ಲಿಗೇ ಮುಗಿಯಿತು. ಇನ್ನೊಬ್ಬನನ್ನು ನಿಲ್ಲಿಸಿದೆ, ಅವನು ಬೈದ ಮೇಲೆ ಓಡಿಬಂದು ಅಡ್ಡಬಿದ್ದ. ಊರಿನಲ್ಲಿ ನನ್ನನ್ನು ಮುಖಕ್ಕೆ ಮುಖ ಕೊಟ್ಟು ಬೈಯುವ ಗಂಡಸು ಒಬ್ಬನೂ ಇಲ್ಲ.

ನೀನು ಬಾ. ರಾಜನ ಪಾತ್ರ ನೀನೇ ಮಾಡು. ಹುಡುಗನಾಗಿದ್ದಾಗ ನಿನಗೆ ನಾನೇ ಹೆಜ್ಜೆ ಹೇಳಿಕೊಟ್ಟಿದ್ದೇನೆ, ಮರೆತಿರಲಾರೆ. ಊರಿನವರೆಲ್ಲ ಕೂತಿರುತ್ತಾರೆ, ಅವರೆದುರಿಗೆ ನನ್ನನ್ನು ಹೊಟ್ಟೆ ತುಂಬ ಬೈಯಿ. ನಾನು ತಲೆ ಬಗ್ಗಿಸುವುದಿಲ್ಲ, ನನ್ನ ಹಾಡು ಹೇಳುತ್ತೇನೆ, ನೀನು ನಿಂತು ಕೇಳಬೇಕು. ಆಟದಲ್ಲಿ ಮಗ ಅಪ್ಪನನ್ನು ಅಟ್ಟುತ್ತಾನೆ. ಅಟ್ಟು. ಆಟ ಮುಗಿದ ಮೇಲೆ ಮನೆಗೆ ಬರುವುದು, ಬಿಡುವುದು ನಿನಗೆ ಸೇರಿದ್ದು. ಚಿಕ್ಕಕ್ಕ ಅನ್ನಕ್ಕೆ ಎಸರಿಟ್ಟಿರುತ್ತಾಳೆ.

ನಿನ್ನ ಅಪ್ಪ


ಚಳ್ಳಕೆರೆ
೨ನೇ ಏಪ್ರಿಲ್ ೧೯೦೯

ಅಪ್ಪ,

ಬರುತ್ತೇನೆ. ರಜೆ ಸಿಕ್ಕಿದೆ. ಖಾಜಾ ಸಾಹೇಬರು ಸಂತೆ ಮುಗಿಸಿ ಹಿಂದಿರುಗುವಾಗ ಅವರ ಗಾಡಿಯಲ್ಲೇ ಹೊರಡುತ್ತೇನೆ.

ಬೈಯುವ ಮಾತು ನನ್ನ ಬಾಯಿಗೆ ಬಂದಿದೆ, ಗಾದ್ರಪ್ಪನ ಹಾಗೆ ತಡವರಿಸುವುದಿಲ್ಲ. ನಿನ್ನ ಹಾಡನ್ನೂ ನಿಂತು ಕೇಳುತ್ತೇನೆ. ಮನೆಗೂ ಬರುತ್ತೇನೆ, ಚಿಕ್ಕಕ್ಕತ್ತೆಗೆ ಹೇಳು.

ಒಂದು ಕಡೆ ಮಾತ್ರ ನನ್ನ ಮೇಲೆ ನನಗೆ ನಂಬಿಕೆ ಇಲ್ಲ. ಕೊನೆಯಲ್ಲಿ ಖಾಜಾ ಸಾಹೇಬರು ಮುಸುಕು ಹಾಕಿದ ರಾಣಿಯನ್ನು ತಂದು ನನ್ನೆದುರು ನಿಲ್ಲಿಸುತ್ತಾರೆ. ಕೈ ಹಿಡಿ ಎನ್ನುತ್ತಾರೆ. ಮುಸುಕಿನ ಒಳಗೆ ಇರುವವನು ನಮ್ಮ ಮೇಳದ ಯಾರೋ ಒಬ್ಬನೆಂದು ನನಗೆ ಗೊತ್ತಿರುತ್ತದೆ. ಗೊತ್ತಿದ್ದರೂ ಆಗ ನನ್ನ ಕೈ ಮುಂದೆ ಬರುತ್ತದೋ ಇಲ್ಲವೋ ಹೇಳಲಾರೆ. ನೀನು ಆ ಹೊತ್ತಿಗೆ ವೇಷ ಕಳಚಿ ಹಾಡುವವರ ಜೊತೆ ನಿಂತಿರುತ್ತೀಯ. ನಾನು ಹಾಗೇ ನಿಂತುಬಿಟ್ಟರೆ, ಮಗ ಮಾತು ಮರೆತ ಎಂದು ಹಾಡು ನಿಲ್ಲಿಸಬೇಡ. ನಾನು ಕೈ ಚಾಚುವ ತನಕ ಹಾಡುತ್ತಿರು.

ನಿನ್ನ ಮಗ,
ಮಾರಣ್ಣ